ಮೂವತ್ತನೆಯ ತಲೆ

ಲೋವೆಲ್ ಹಾಗನ್‌ಗೆ ಡಿಗ್ರಿ ಸಿಗಬೇಕಾದರೆ ಸೋಮವಾರದೊಳಗೆ ಮೂವತ್ತು ತಲೆ ಬೇಕಿದ್ದವು. ಇಪ್ಪತ್ತೊಂಬತ್ತು ಸಿಕ್ಕಿದ್ದವು.

ಅಮೆರಿಕದ ಮಿನೆಸೋಟದ ಜೋಳದ ಹೊಲಗಳ ನಡುವಿನ ಆ ಕಾಲೇಜಿನಲ್ಲಿ ಓದುವವರೇ ನಾನೂರು ಜನ. ಅವರಲ್ಲಿ ನರವಿಜ್ಞಾನ ಹಿಡಿದವರು ಒಂಬತ್ತು. ಕೊನೆಯ ವರ್ಷ ಒಬ್ಬೊಬ್ಬರೂ ಒಂದು ಪ್ರಯೋಗ ಮಾಡಲೇಬೇಕು. ತಲೆಗೆ ವೈರುಗಳ ಟೋಪಿ ತೊಡಿಸಿ, ಕೂದಲ ಬುಡಕ್ಕೆ ಅಂಟು ಬಳಿದು, ಪರದೆಯ ಮೇಲೆ ಹಸು, ಹಸು, ಹಸು ತೋರಿಸಿ, ತಟ್ಟನೆ ಟೋಸ್ಟರ್ ತೋರಿಸಿದರೆ ಮೆದುಳಿನ ಅಲೆ ಎಷ್ಟು ಏಳುತ್ತದೆ ಎಂದು ನೋಡುವುದು ಲೋವೆಲ್‌ನ ಪ್ರಯೋಗ.

ಇಂಥ ಪ್ರಯೋಗಗಳಲ್ಲಿ ಮೊದಲು ಏನೋ ಸುಳ್ಳು ಹೇಳಿ, ಮುಗಿದ ಮೇಲೆ ನಿಜ ಹೇಳುವುದು ಪದ್ಧತಿ. ವರ್ಷಗಟ್ಟಲೆ ಹೀಗೆ ನಡೆದು, ಅಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಪ್ರಯೋಗಗಳಿಗೆ ಕೂತು ಕೂತು ಬೇಸತ್ತವರೆಲ್ಲ ಲೋವೆಲ್‌ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಉಳಿದದ್ದು ಕಾಲೇಜಿನ ಊಟದ ಮನೆಯ ಅಡುಗೆಯಾಕೆ ಆರ್ಡಿಸ್. ಹನ್ನೊಂದು ವರ್ಷದಲ್ಲಿ ನಲವತ್ತೊಂದು ಪ್ರಯೋಗಕ್ಕೆ ಕೂತ ಮಹಾತಾಯಿ. ಕೂತದ್ದಕ್ಕೆ ಕೊಡುತ್ತಿದ್ದದ್ದು ಎರಡು ಕುಕೀ ಬಿಸ್ಕತ್ತು, ಅದೂ ಆಕೆಯೇ ಬೆಳಿಗ್ಗೆ ಬೇಯಿಸಿದ್ದು.

ಬುಧವಾರ ಆರ್ಡಿಸ್‌ಗೆ ಟೋಪಿ ತೊಡಿಸಿದ್ದಾಯಿತು. "ಅಚ್ಚರಿ ಆದಾಗೆಲ್ಲ ಈ ಗುಂಡಿ ಒತ್ತಿ" ಎಂದು ಹೇಳಿ ತಿರುಗಿದ ಲೋವೆಲ್ ನೆಲದ ವೈರಿಗೆ ಕಾಲು ಸಿಕ್ಕಿಸಿಕೊಂಡು ದೊಪ್ಪೆಂದು ಬಿದ್ದ. ಲಟಕ್ ಎಂಬ ಸದ್ದು ಅವನಿಗೇ ಕೇಳಿಸಿತು.

"ಅಯ್ಯೋ! ಆರ್ಡಿಸ್, ಕಾಲು ಮುರೀತು!"

ಆರ್ಡಿಸ್ ಗುಂಡಿ ಒತ್ತಿದರು.

"ನಿಜವಾಗ್ಲೂ ಮುರಿದಿದೆ ಕಣ್ರೀ!"

ಮತ್ತೆ ಒತ್ತಿದರು. "ಪರವಾಗಿಲ್ಲ ಕಣಪ್ಪ ನಿನ್ನ ನಾಟಕ. ಆದ್ರೂ ಹೋದ ವರ್ಷ ನಾಟಕ ಮಾಡಿದ ಹುಡುಗಿಗೆ ಕಣ್ಣೀರೇ ಬಂದಿತ್ತು."

ಲೋವೆಲ್ ತೆವಳಿಕೊಂಡು ಮೊಗಸಾಲೆಗೆ ಬಂದ. ಅಲ್ಲಿದ್ದ ಇಬ್ಬರು ಹುಡುಗರಲ್ಲಿ ಒಬ್ಬ, "ನಮ್ದು ಪ್ರಯೋಗ ಆಗ್ಲೇ ಆಗಿದೆ ಗುರು" ಎಂದ. ಇನ್ನೊಬ್ಬ ಇದೂ ಪ್ರಯೋಗವೇ ಎಂದುಕೊಂಡು ಗಡಿಯಾರ ನೋಡಿ ಹೊತ್ತು ಬರೆದುಕೊಂಡ. ಕೊನೆಗೆ ಓಡಿ ಬಂದ ಪ್ರೊಫೆಸರ್ ಪ್ರೂಯಿಟ್ ಕೂಡ ಮೊದಲು ಕೇಳಿದ್ದು, "ಬೀಳೋದಕ್ಕೆ ನೀತಿ ಸಮಿತಿ ಒಪ್ಪಿಗೆ ತಗೊಂಡಿದ್ಯಾ?" ಎಂದೇ. ಓದು ಹೆಚ್ಚಾದರೆ ಹೀಗೇ.

ಆರ್ಡಿಸ್‌ರ ಅಲೆಗಳು ಬೆಟ್ಟದಷ್ಟು ಎದ್ದಿದ್ದವು, ಆದರೆ ಕಿರುಚಾಟಕ್ಕೆ ಎದ್ದ ಅಲೆ ಲೆಕ್ಕಕ್ಕಿಲ್ಲ. ಬೇರೆ ಚಿತ್ರಗಳನ್ನಿಟ್ಟು ಇನ್ನೊಮ್ಮೆ ಕೂರಿಸು, ಆಕೆ ಬಂದರೆ, ಎಂದರು ಪ್ರೂಯಿಟ್. ಲೋವೆಲ್‌ಗೆ ಕೇಳಲು ಮುಖವೇ ಇರಲಿಲ್ಲ.

ಶನಿವಾರ ಆರ್ಡಿಸ್ ಕರೆಯದೆಯೇ ಪ್ರಯೋಗಶಾಲೆಗೆ ಬಂದರು. ಬಗ್ಗಿ ಅವನ ಕಾಲಿನ ಪ್ಲಾಸ್ಟರನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ನೋಡಿದರು. ಮುಖ ಸಣ್ಣದಾಯಿತು.

"ನಿಜಾನೇ ಅಲ್ವೇನೋ! ಹನ್ನೊಂದು ವರ್ಷ ನೀವು ಹೇಳಿದ ಸುಳ್ಳೆಲ್ಲ ನಂಬಿದೆ. ಒಂದಿನ ನಿಜ ಹೇಳಿದ್ರೆ ಗುಂಡಿ ಒತ್ತಿಕೊಂಡು ಕೂತೆ. ನನಗೆ ನಾಚಿಕೆ ಆಗುತ್ತೆ ಕಣೋ. ಇನ್ನೊಮ್ಮೆ ಕೂರ್ತೀನಿ, ತೊಡಿಸು ಟೋಪಿ."

ಲೋವೆಲ್ ಟೋಪಿ ಎತ್ತಿಕೊಂಡವನು ಅಲ್ಲೇ ನಿಂತ. ಆಕೆ ಆಗತಾನೇ ಪಾರ್ಲರ್‌ನಿಂದ ಬಂದಿದ್ದರು. ಬೆಳ್ಳಿ ಕೂದಲು ಸುರುಳಿ ಸುರುಳಿಯಾಗಿ ಎದ್ದು ನಿಂತಿತ್ತು. ಮರುದಿನ ಮೊಮ್ಮಗಳ ನಾಮಕರಣ.

"ಬೇಡ ಆರ್ಡಿಸ್, ಅಂಟು ಎಲ್ಲಾ ಹಾಳು ಮಾಡುತ್ತೆ."

"ಬಳಿಯೋ, ಮಾತಾಡಬೇಡ."

ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಲೋವೆಲ್‌ಗೆ ಮುಂದೆ ನಡೆಯುತ್ತಿದ್ದುದೆಲ್ಲ ಕಾಣುತ್ತಿತ್ತು. ಫೋಟೋಗೆ ನಿಂತವರೆಲ್ಲರ ಕೂದಲೂ ಒಪ್ಪವಾಗಿತ್ತು, ಅಜ್ಜಿಯದು ಮಾತ್ರ ಎಣ್ಣೆ ಸುರಿದಂತೆ ತಲೆಗಂಟಿತ್ತು. ಸೊಸೆ ಮುಖ ಊದಿಸಿಕೊಂಡು ಏನೋ ಕೇಳಿದಳು.

"ಒಬ್ಬ ಹುಡುಗ ಪಾಸಾಗಬೇಕಿತ್ತಮ್ಮ" ಎಂದು ಆರ್ಡಿಸ್ ಕ್ಯಾಮೆರಾ ನೋಡಿ ನಕ್ಕರು.