ವಿಭೂತಿ ಬಳಿದ ಕ್ಯಾಸೆಟ್

೧೯೯೫ರಲ್ಲಿ ಆಳಂದದ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ ಇತ್ತು. ಅರ್ಧ ಅಂಗಡಿಯಲ್ಲಿ ರಿಪೇರಿ ನಡೆಯುತ್ತಿತ್ತು. ಉಳಿದರ್ಧಕ್ಕೆ ಪರದೆ ಕಟ್ಟಿ ಟಿವಿ ಗೇಮ್ ಇಟ್ಟಿದ್ದೆ. ಕಾಲೇಜು ಹುಡುಗರು, ತೊಗರಿ ಮಾರಲು ಬಂದು ಬಸ್ಸಿಗೆ ಕಾಯುವವರು, ಖಜೂರಿ ದಾರಿಯ ಲಾರಿ ಡ್ರೈವರುಗಳು ಬಂದು ಕೂತು ಆಡಿ ಹೋಗುತ್ತಿದ್ದರು. ಊರಿನಲ್ಲಿ ನಾನು ಟಿವಿ ಸಿದ್ರಾಮಪ್ಪ. ಎಷ್ಟೋ ಸುಟ್ಟ ಟಿವಿಗಳಿಗೆ ಜೀವ ಕೊಟ್ಟಿದ್ದೇನೆ, ಆದರೆ ಇಂದು ಹೇಳಹೊರಟಿರುವುದು ನನ್ನ ಕೈಚಳಕದ ಕಥೆಯಲ್ಲ. ಹೊಟ್ಟೆಕಿಚ್ಚಿನ ಕಥೆ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಹಗುರ, ನನಗೂ ಹಗುರ.

ಹೊಟ್ಟೆಕಿಚ್ಚು ನನ್ನ ಷಡ್ಡಕನ ಮೇಲೆ. ಷಡ್ಡಕ ಅಂದರೆ ನನ್ನ ಹೆಂಡತಿ ಮಹಾದೇವಿಯ ತಂಗಿಯ ಗಂಡ, ಶಿವಾನಂದ. ಆತ ಜೇವರ್ಗಿಯಲ್ಲಿ ಕಂಪ್ಯೂಟರ್ ಕ್ಲಾಸ್ ತೆರೆದಿದ್ದ. ವಯಸ್ಸಿನಲ್ಲಿ ಚಿಕ್ಕವ, ಬಣ್ಣದಲ್ಲಿ ಬೆಳ್ಳಗೆ, ಮಾತಿನಲ್ಲಿ ಮೆತ್ತಗೆ. ಇಸ್ತ್ರಿ ಅಂಗಿ ಹಾಕಿ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವವ. ನನ್ನ ಅಂಗಿಯಲ್ಲಿ ಸೋಲ್ಡರ್ ಹನಿ ಬಿದ್ದು ಆದ ತೂತುಗಳು ಇರುತ್ತಿದ್ದವು. ನೆಂಟರ ಮನೆಯ ಊಟಕ್ಕೆ ಕೂತಾಗ ಅವನಿಗೆ "ಕ್ಲಾಸ್ ಹ್ಯಾಂಗ ನಡದದರಿ?" ಎಂದು ಕೇಳುತ್ತಿದ್ದರು. ನನಗೆ "ನಮ್ಮ ಮನಿ ಟಿವ್ಯಾಗ ಗೆರಿ ಬರಾಕತ್ತಾವ, ನೋಡಿ ಹೋಗ್ರಿ" ಎನ್ನುತ್ತಿದ್ದರು. ಹೋಳಿಗೆ ಇಬ್ಬರಿಗೂ ಒಂದೇ ಬಡಿಸಿದರೂ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇಬ್ಬರ ನಡುವೆ ಇದ್ದವರು ನಮ್ಮ ಮಾವ ಚನ್ನಮಲ್ಲಪ್ಪನವರು. ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿ ಅಫಜಲಪುರದಲ್ಲಿದ್ದರು. ಅಲ್ಲಿನ ಮುಖ್ಯ ರಸ್ತೆಯಲ್ಲಿ ಅವರದೊಂದು ಮಳಿಗೆ ಖಾಲಿ ಬಿದ್ದಿತ್ತು. ಅಲ್ಲಿ ಇನ್ನೊಂದು ಟಿವಿ ಗೇಮ್ ಅಂಗಡಿ ತೆರೆಯಬೇಕೆಂದು ನನಗೆ ಆಸೆ. ಕಂಪ್ಯೂಟರ್ ಕ್ಲಾಸಿನ ಶಾಖೆ ತೆರೆಯಬೇಕೆಂದು ಶಿವಾನಂದನಿಗೆ ಆಸೆ. "ದಸರಾಕ್ಕ ಹೇಳ್ತೇನಿ, ಯಾರಿಗಂತ," ಎಂದು ಮಾವನವರು ಇಬ್ಬರನ್ನೂ ಕಾಯಿಸಿ ಇಟ್ಟಿದ್ದರು.

ಆ ವರ್ಷ ಬೇಸಿಗೆಯಲ್ಲಿ ಒಬ್ಬ ಲಾರಿ ಡ್ರೈವರ್ ಸೊಲ್ಲಾಪುರದಿಂದ ನನಗೊಂದು ಗೇಮ್ ಕ್ಯಾಸೆಟ್ ತಂದುಕೊಟ್ಟ. ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಗೆ ಕನ್ಸೋಲ್ ಅನ್ನುತ್ತಾರೆ, ಅದರ ತಲೆಗೆ ಸಿಕ್ಕಿಸುವುದು ಈ ಕ್ಯಾಸೆಟ್. ಹಾಕಿ ನೋಡಿದರೆ ಗುಂಡು ಹಾರಿಸುವವರಿಲ್ಲ, ಜಿಗಿಯುವವರಿಲ್ಲ. ಒಂದು ಹಳೆಯ ಬಂದರಿನ ಊರು, ಅಲ್ಲೊಂದು ಗಡಿಯಾರದ ಗೋಪುರ, ಕಾಣೆಯಾದ ಗಡಿಯಾರ ರಿಪೇರಿಯವ. ಪರದೆಯ ಮೇಲೆ ಒಂದು ಪುಟ್ಟ ಬಾಣ. ಅದನ್ನು ಬಾಗಿಲ ಮೇಲೆ ಇಟ್ಟು ಗುಂಡಿ ಒತ್ತಿದರೆ ಬಾಗಿಲು, ಮನುಷ್ಯನ ಮೇಲೆ ಇಟ್ಟು ಒತ್ತಿದರೆ ಮಾತು. ಇಂಥವಕ್ಕೆ ಪಾಯಿಂಟ್ ಆಂಡ್ ಕ್ಲಿಕ್ ಆಟ ಎಂದು ಹೆಸರು. ಇವು ಮೂಲದಲ್ಲಿ ಕಂಪ್ಯೂಟರಿನ ಆಟಗಳು, ಮೌಸಿನಿಂದ ಆಡುವಂಥವು. ಅದನ್ನೇ ಕತ್ತರಿಸಿ, ಬಣ್ಣ ಇಳಿಸಿ, ಕನ್ಸೋಲಿಗೆ ಹೊಂದಿಸಿದರೆ ಅದು ಪೋರ್ಟ್. ದೊಡ್ಡ ಮನೆಯ ಸಾಮಾನನ್ನು ಒಂದು ಟ್ರಂಕಿನಲ್ಲಿ ತುರುಕಿದ ಹಾಗೆ. ಹುಡುಗರು ಒಂದು ದಿನ ನೋಡಿ, "ಇದೇನ್ರಿ ಕಾಕಾ, ಬರೇ ಅಡ್ಡ್ಯಾಡೋದದ," ಎಂದು ಎದ್ದುಹೋದರು. ಕ್ಯಾಸೆಟ್ ಮೂಲೆ ಸೇರಿತು.

ಮಾವನವರು ಕಣ್ಣು ತೋರಿಸಲೆಂದು ಆಗಾಗ ಆಳಂದಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದಾಗ ಮಧ್ಯಾಹ್ನ ಅಂಗಡಿಗೆ ಬಂದು ಕೂರುತ್ತಿದ್ದರು. ಒಂದು ದಿನ ಆ ಕ್ಯಾಸೆಟ್ ಕೈಗೆತ್ತಿಕೊಂಡರು.

"ಅಳಿಯಾರ, ಇದರಾಗ ಯಾರೂ ಹೊಡದಾಡಂಗಿಲ್ಲೇನು?"

"ಇಲ್ರಿ ಮಾವಾರ. ಇದರಾಗ ಬರೇ ಹುಡುಕೋದದ."

"ಹಂಗಾದ್ರ ಹಚ್ಚರಿ. ನಾ ಜನ್ಮೆಲ್ಲಾ ಅದೇ ಮಾಡೇನಿ."

ಅಂದಿನಿಂದ ಶುರು. ಮಾವನವರ ಆಟ ನೋಡಲು ತಾಳ್ಮೆ ಬೇಕಿತ್ತು. ಯಾವುದೇ ಹೊಸ ಜಾಗಕ್ಕೆ ಹೋದರೂ ಮೊದಲು ಬಾಣವನ್ನು ಪರದೆಯ ಅಂಚಿನ ಸುತ್ತ ನಡೆಸುತ್ತಿದ್ದರು, ಹೊಲದ ಬದುವಿನ ಮೇಲೆ ಸರಪಳಿ ಹಿಡಿದು ನಡೆದ ಹಾಗೆ. ಅಂಚು ಮುಗಿದ ಮೇಲೆ ಗೋಡೆ, ಗೋಡೆ ಮುಗಿದ ಮೇಲೆ ಮನುಷ್ಯರು. ಅವರ ಕಣ್ಣು ಮಂಜಾಗಿದ್ದರಿಂದ ಪರದೆಯ ಇಂಗ್ಲಿಷನ್ನು ನಾನು ಓದಿ ಹೇಳುತ್ತಿದ್ದೆ. ನನ್ನ ಇಂಗ್ಲಿಷ್ ಸರ್ಕ್ಯೂಟ್ ಡಯಾಗ್ರಾಮಿನ ಇಂಗ್ಲಿಷ್. ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಇಬ್ಬರೂ ಸೇರಿ ಊಹಿಸುತ್ತಿದ್ದೆವು. ಆಟದ ಊರಿನ ಸಿಂಪಿಗ, ಅಂದರೆ ದರ್ಜಿ, ಎಷ್ಟು ಒತ್ತಿದರೂ ಬಾಯಿ ಬಿಡುತ್ತಿರಲಿಲ್ಲ, ಅವನ ಅಂಗಡಿಯ ಮುಂದೆ ಎರಡು ದಿನ ವಾದ ಮಾಡಿದ್ದಿದೆ. "ಇಂವ ಏನೋ ಮುಚ್ಚಿಡಾಕತ್ತಾನ ಅಳಿಯಾರ, ನೋಡ್ರಿ ಅವನ ಮಾರಿ," ಎನ್ನುತ್ತಿದ್ದರು. ಆ ಕ್ಯಾಸೆಟ್ಟಿನಲ್ಲಿ ಸೇವ್ ಇತ್ತು. ಅಂದರೆ ಎಲ್ಲಿಗೆ ಬಂದು ನಿಲ್ಲಿಸಿದೆವೋ ಅದನ್ನು ಕ್ಯಾಸೆಟ್ ನೆನಪಿಟ್ಟುಕೊಂಡು ಮರುದಿನ ಅಲ್ಲಿಂದಲೇ ಶುರು ಮಾಡುತ್ತಿತ್ತು. ಮದುವೆಯಾದಾಗಿನಿಂದ ಮಾವನವರು ನನ್ನ ಜೊತೆ ಅಷ್ಟು ಮಾತಾಡಿದ್ದೇ ಇಲ್ಲ. ಅಫಜಲಪುರದ ಮಳಿಗೆ ನನ್ನದೇ ಎಂದು ಮನಸ್ಸಿನಲ್ಲಿ ಬೋರ್ಡ್ ಕೂಡ ಬರೆಸಿಬಿಟ್ಟಿದ್ದೆ.

ಶ್ರಾವಣದಲ್ಲಿ ಮಾವನವರು ಅಂದೋಲಾದ ಮಠಕ್ಕೆ ಹೋದವರು ಜೇವರ್ಗಿಯ ಸಣ್ಣ ಮಗಳ ಮನೆಯಲ್ಲಿ ಉಳಿದರು. ತಿರುಗಿ ಬಂದಾಗ ಅವರ ಮಾತೇ ಬೇರೆ.

"ಅಳಿಯಾರ, ಇದೇ ಆಟ ಶಿವಾನಂದನ ಕಂಪ್ಯೂಟರದಾಗೂ ಅದ ನೋಡ್ರಿ! ಏನ್ ಬಣ್ಣ, ಏನ್ ತಾನ! ಕೈಯಾಗ ಮೌಸ್ ಹಿಡದ್ರ ಮನಸ್ಸು ಹೋದಲ್ಲಿ ಬಾಣ ಹೋಗ್ತದ. ಸಿಂಪಿಗ ಅಲ್ಲಿ ಮಾತಾಡ್ತಾನ!"

ನನ್ನ ಎದೆಯ ಮೇಲೆ ಯಾರೋ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗಾಯಿತು. ಸಿಂಪಿಗ ನಮ್ಮವನು. ಅವನ ಮೂಕತನದ ಬಗ್ಗೆ ಎರಡು ದಿನ ವಾದ ಮಾಡಿದವರು ನಾವು. ಅವನ ಬಾಯಿ ಬಿಡಿಸಿದ್ದು ಶಿವಾನಂದನೇ?

ಮರುವಾರ ಪಿಕ್ಚರ್ ಟ್ಯೂಬ್ ತರುವ ನೆಪ ಹೇಳಿ ಜೇವರ್ಗಿಗೆ ಹೋದೆ. ಶಿವಾನಂದ ಎದ್ದು ನಿಂತು, "ಬರ್ರಿ ಅಣ್ಣಾರ, ಕುಂಡ್ರಿ," ಎಂದು ತನ್ನ ಕುರ್ಚಿಯನ್ನೇ ಕೊಟ್ಟ. ಅದನ್ನೂ ನನಗೆ ಸಹಿಸಲಾಗಲಿಲ್ಲ. ಆಟ ಹಚ್ಚಿ ತೋರಿಸಿದ. ಗೋಪುರದ ಹಿಂದೆ ಸಂಜೆಯ ಆಕಾಶ ಕೆಂಪಗಿತ್ತು. ನನ್ನ ಕ್ಯಾಸೆಟ್ಟಿನಲ್ಲಿ ಅದು ಬರೀ ಕಪ್ಪು. ಅಲ್ಲಿ ಇದ್ದ ಎಷ್ಟೋ ಕೋಣೆಗಳು ನನ್ನದರಲ್ಲಿ ಇರಲೇ ಇಲ್ಲ. ಇಷ್ಟು ದಿನ ನಾನು ಮಾವನವರಿಗೆ ತೋರಿಸಿದ್ದು ಯಾರೋ ಉಟ್ಟು ಬಿಟ್ಟ ಬಟ್ಟೆ ಎನ್ನಿಸಿತು. ಅವನ ಮನೆಯ ಚಹಾ ಚೆನ್ನಾಗಿಯೇ ಇತ್ತು. ಆದರೂ ಮಹಾದೇವಿಗೆ ಮನೆಗೆ ಬಂದು, "ನಿನ್ನ ತಂಗಿ ಮನ್ಯಾಗ ಚಹಾಕ್ಕ ಸಕ್ಕರಿನೇ ಇಲ್ಲ," ಎಂದೆ.

"ನಿಮಗ ಸಕ್ಕರಿ ಹತ್ತಿಲ್ಲ ಅಷ್ಟ," ಎಂದಳು ಆಕೆ.

ಸೊಲ್ಲಾಪುರದಿಂದ ಒಂದು ಮೌಸ್ ತರಿಸಿ ಬಿಚ್ಚಿದೆ. ಅದರ ತಂತಿಗಳನ್ನು ನನ್ನ ಕನ್ಸೋಲಿನ ಗುಂಡಿಗಳಿರುವ ಕೈಪೆಟ್ಟಿಗೆಗೆ ಜೋಡಿಸಿ ಬಾಣವನ್ನು ಓಡಿಸಲು ಹೊರಟೆ. ಇದ್ದ ರಿಪೇರಿ ಕೆಲಸವೆಲ್ಲ ಹಿಂದೆ ಬಿತ್ತು. ಗಿರಾಕಿಗಳು ಬಂದು ಬೈದು ಹೋದರು. ಕೊನೆಗೂ ಬಾಣ ಓಡಿತು, ಆದರೆ ಒಮ್ಮೆ ಮೂಲೆಗೆ ಹೋದದ್ದು ಅಲ್ಲೇ ಕೂತು ನಡುಗುತ್ತಿತ್ತು, ಕರೆದರೆ ಬರುತ್ತಿರಲಿಲ್ಲ. ಮಾವನವರು ನೋಡಿ, "ಇದಕ್ಕ ಥಂಡಿ ಆಗ್ಯದೇನ್ರಿ?" ಎಂದರು. ಎಲ್ಲ ಕಿತ್ತು ಬಿಸಾಕಿ ಹಳೆಯ ಗುಂಡಿಗಳನ್ನೇ ಜೋಡಿಸಿದೆ. ಅವರು ಮತ್ತೆ ಅಂಚಿನಿಂದ ಬಾಣ ನಡೆಸತೊಡಗಿದರು. ಮಹಾನವಮಿ ಹತ್ತಿರ ಬರುವ ಹೊತ್ತಿಗೆ ನಾವು ಗೋಪುರದ ಮೆಟ್ಟಿಲ ಬಾಗಿಲ ತನಕ ಬಂದಿದ್ದೆವು. ಆ ಬಾಗಿಲು ಮಾತ್ರ ತೆರೆಯಲೊಲ್ಲದು.

ನಮ್ಮ ಕಡೆ ಮಹಾನವಮಿಗೆ ಖಂಡೆ ಪೂಜೆ. ದುಡಿಯುವ ಸಲಕರಣೆಗೆಲ್ಲ ಆ ದಿನ ವಿಭೂತಿ, ಕುಂಕುಮ, ಹೂ. ನನಗೆ ಕೆಲಸ ಕಲಿಸಿದ ಉಸ್ತಾದರದು ಒಂದು ಪದ್ಧತಿ ಇತ್ತು: ಪೂಜೆಗೆ ಮೊದಲು ಪ್ರತಿಯೊಂದು ಯಂತ್ರದ ಹೊದಿಕೆ ಬಿಚ್ಚಬೇಕು. "ದುಡಿಯೋದು ಒಳಗಿಂದು, ಪೂಜಿ ಹೊರಗಿನ ಡಬ್ಬಿಗ್ಯಾಕ?" ಎನ್ನುತ್ತಿದ್ದರು. ನಾನು ವರ್ಷವೂ ಟಿವಿಗಳ ಬೆನ್ನು ಬಿಚ್ಚಿ, ಕರೆಂಟಿನಿಂದ ಕಿತ್ತು, ಒಳಗಿನ ಚೌಕಟ್ಟಿಗೆ ವಿಭೂತಿ ಹಚ್ಚುತ್ತಿದ್ದೆ. ಒಣಗಿದ ಮೇಲೆ ಬ್ರಷ್ಷಿನಿಂದ ಒರೆಸಿದರೆ ಮುಗಿಯಿತು. ಯಾವತ್ತೂ ಏನೂ ಆಗಿರಲಿಲ್ಲ. ಆ ವರ್ಷ ಕ್ಯಾಸೆಟ್ಟನ್ನೂ ಬಿಚ್ಚಿ ಸಾಲಿನಲ್ಲಿ ಇಟ್ಟೆ.

ಪೂಜೆಗೆ ಶಿವಾನಂದನ ಕುಟುಂಬವೂ ಬಂದಿತ್ತು. ಹಿರಿಯರೆಂದು ಮಾವನವರೇ ವಿಭೂತಿಯನ್ನು ನೀರಲ್ಲಿ ಕಲಸಿ ಒಂದೊಂದಕ್ಕೂ ಮೂರು ಬೆರಳಿನಿಂದ ಎಳೆದರು. ಕ್ಯಾಸೆಟ್ಟಿಗೆ ಬಂದಾಗ ಅಕ್ಕರೆ ಹೆಚ್ಚಾಯಿತೇನೋ, ದಪ್ಪಗೆ ಎಳೆದರು. ಶಿವಾನಂದ ಕಾಯಿ ಒಡೆದು ನೀರು ಚಿಮುಕಿಸಿದ. ಆರತಿಯಾಯಿತು, ಊಟವಾಯಿತು. ಮಳಿಗೆಯ ಮಾತು ಯಾರೂ ಎತ್ತಲಿಲ್ಲ. ಸಂಜೆ ಎಲ್ಲವನ್ನೂ ಒರೆಸಿ ಜೋಡಿಸಿದ ಮೇಲೆ ಮಾವನವರು, "ಬಾಗಲಾ ಏನಾತು ನೋಡೂಣ ಹಚ್ಚರಿ," ಎಂದರು.

ಹಚ್ಚಿದೆ. ಆಟ ಬಂತು. ಸೇವ್ ಇರಲಿಲ್ಲ. ಬಂದರಿಗೆ ಬಂದಿಳಿಯುವ ಮೊದಲ ದೃಶ್ಯ, ಬೇಸಿಗೆಯಲ್ಲಿ ನೋಡಿದ್ದು, ಮತ್ತೆ ಎದುರಿಗೆ ನಿಂತಿತ್ತು.

ಮಾವನವರು ಹಿಡಿದಿದ್ದ ಕೈಪೆಟ್ಟಿಗೆ ತೊಡೆಯ ಮೇಲೆ ಇಳಿಯಿತು. ನಾನು ಕ್ಯಾಸೆಟ್ ಮತ್ತೆ ಬಿಚ್ಚಿದೆ. ಕಾರಣ ನೋಡಿದ ತಕ್ಷಣ ತಿಳಿಯಿತು. ಸೇವ್ ಉಳಿಯಲೆಂದೇ ಅದರೊಳಗೆ ಗುಂಡಗಿನ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅಂಗಡಿಯ ಎಲ್ಲ ಯಂತ್ರವನ್ನೂ ಕರೆಂಟಿನಿಂದ ಕಿತ್ತು ಪೂಜೆಗೆ ಇಟ್ಟಿದ್ದೆ, ಆದರೆ ಇದೊಂದರ ಕರೆಂಟು ಇದರ ಹೊಟ್ಟೆಯಲ್ಲೇ ಇತ್ತು. ಹಸಿ ವಿಭೂತಿ ಅದರ ಎರಡು ತುದಿಗಳನ್ನೂ ಕೂಡಿಸಿ ಶಾರ್ಟ್ ಮಾಡಿತ್ತು. ಒರೆಸುವಾಗ ಬ್ರಷ್ ತಾಗದ ಸಂದಿನಲ್ಲಿ ಬಿಳಿ ಗೆರೆಗಳು ಇನ್ನೂ ಕಾಣುತ್ತಿದ್ದವು.

ಆಗ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ವಿಭೂತಿ ಹಚ್ಚಿದವರು ಮಾವನವರು, ಹಾಗೆ ಹೇಳುವುದು ಹೇಗೆ? ಕಾಯಿಯ ನೀರು ಚಿಮುಕಿಸಿದವನು ಶಿವಾನಂದ. ಒಂದೇ ಒಂದು ಮಾತು, ನೀರು ಬಿದ್ದದ, ಎಂದರೆ ಸಾಕಿತ್ತು. ಮಾವನವರು ಅವನತ್ತ ತಿರುಗಿ ನೋಡುತ್ತಾರೆ, ಮಳಿಗೆ ನನ್ನ ಕಡೆ ವಾಲುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಶಿವಾನಂದ ತಾನೇ ಅಂದ:

"ಮಾವಾರ, ನಂದೇ ತಪ್ಪು. ನಾ ಚಿಮುಕಿಸಿದ ಟೆಂಗಿನಕಾಯಿ ನೀರು ಒಳಗ ಹೋಗ್ಯದ."

ಅವನಿಗೂ ಬಿಳಿ ಗೆರೆ ಕಂಡಿತ್ತು. ಕಂಡೇ ಹೇಳಿದ್ದ. ನಾನು ಅವನ ಮೇಲೆ ಹೊರಿಸಬೇಕೆಂದಿದ್ದನ್ನು ಅವನೇ ಎತ್ತಿ ಹೊತ್ತುಕೊಂಡ. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಒಳ್ಳೆಯವನಾಗುವುದರಲ್ಲೂ ಇವನು ನನಗಿಂತ ಮೊದಲು ತಲುಪಿಬಿಟ್ಟನಲ್ಲ!

ಮಾವನವರು ಕೈ ಚಾಚಿ ಕ್ಯಾಸೆಟ್ ಇಸಿದುಕೊಂಡರು. ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು, ನಕ್ಷೆ ನೋಡಿದ ಹಾಗೆ ಸುತ್ತ ನೋಡಿದರು.

"ಇಲ್ಲಿ ಮೂರು ಬೆರಳಿನ ಗುರುತು ಅದಾವಲ್ರಿ. ಟೆಂಗಿನಕಾಯಿ ನೀರಿಗೆ ಬೆರಳು ಇರ್ತಾವೇನು?"

ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು. ಶಿವಾನಂದ ಕೆಂಪಗಾದ. ನನಗೆ ಆದ ಸಂತೋಷ ಹೇಳತೀರದು.

"ಖರೇ ಹೇಳ್ರಿ ಅಳಿಯಾರ, ವಿಭೂತಿಯಿಂದ ಆಗ್ಯದ, ಹೌದಿಲ್ಲೋ?" ಎಂದರು ನನ್ನನ್ನು ನೋಡಿ.

"ಹೌದ್ರಿ," ಎಂದೆ. "ಬಿಚ್ಚಿ ಇಟ್ಟಾಂವ ನಾನು. ಅದರಾಗ ಬ್ಯಾಟರಿ ಇರೋದು ನನಗ ಗೊತ್ತಿತ್ರಿ."

"ಇರ್ಲಿ ತಗೋರಿ. ದೇವರ ಕೆಲಸ, ಯಾರ ತಪ್ಪೂ ಅಲ್ಲ."

ಶಿವಾನಂದ ಚೇತರಿಸಿಕೊಂಡು, "ಮಾವಾರ, ಜೇವರ್ಗ್ಯಾಗ ನಿಮ್ಮ ಆಟ ಹಂಗೇ ಅದ. ಕಂಪ್ಯೂಟರದಾಗ ಎಲ್ಲಾ ಸೇವ್ ಆಗ್ಯದ. ನಾಳೆ ನನ್ನ ಕೂಡ ಬರ್ರಿ," ಎಂದ.

ಮಾವನವರು ಮೊದಲು ಮಳಿಗೆಯ ಮಾತು ತೆಗೆದರು. ಅದು ಶಿವಾನಂದನಿಗೆ. "ಊರಿನ ಹುಡುಗರು ನಾಕು ಅಕ್ಷರ ಹೊಸದು ಕಲೀಲಿ. ನೀವು ಬ್ಯಾಸರ ಮಾಡಿಕೋಬ್ಯಾಡ್ರಿ ಸಿದ್ರಾಮಪ್ಪ." ಬೇಸರವಾಯಿತು. ಸಣ್ಣ ಬೇಸರವಲ್ಲ. ಮನಸ್ಸಿನಲ್ಲಿ ಬರೆಸಿದ್ದ ಬೋರ್ಡ್ ಕೆಳಗಿಳಿಸುವಾಗ ಬಾಯಿ ಕಹಿಯಾಗಿತ್ತು. ಇನ್ನು ನಾಳೆ ಮಾವನವರೂ ಜೇವರ್ಗಿ ಬಸ್ಸು ಹತ್ತುತ್ತಾರೆ ಎಂದುಕೊಂಡು ಟಿವಿ ಆರಿಸಲು ಎದ್ದೆ.

"ಆರಸಬ್ಯಾಡ್ರಿ," ಎಂದರು ಮಾವನವರು. ಕೈಪೆಟ್ಟಿಗೆ ಮತ್ತೆ ಎತ್ತಿಕೊಂಡಿದ್ದರು. "ಶಿವಾನಂದ, ನಿಮ್ಮ ಕಂಪ್ಯೂಟರ್ ಭಾಳ ಛಲೋ ಅದ. ಆದ್ರ ನಾ ಎಲ್ಲೆ ನಿಂತರೂ ನೀವು ಇಲ್ಲೆ ಒತ್ತರಿ, ಅಲ್ಲೆ ಒತ್ತರಿ ಅಂತ ಹೇಳಿಬಿಡ್ತೀರಿ. ನಿಮಗ ಮುಂದಿಂದೆಲ್ಲಾ ಗೊತ್ತದ. ಇಲ್ಲಿ ಸಿದ್ರಾಮಪ್ಪಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಳತಿ ತಪ್ಪಿದ್ರ ಮೊದಲನೇ ಕಲ್ಲಿಂದ ಹಿಡಿಯೋದು ನನಗ ರೂಢಿ ಅದ. ಓದ್ರಿ ಅಳಿಯಾರ, ಏನ್ ಬರದಾನ?"

ಬೇಸಿಗೆಯಲ್ಲಿ ಓದಿದ್ದ ಅದೇ ಸಾಲನ್ನು ಓದಿದೆ, ಅದೇ ತಪ್ಪು ಅರ್ಥವನ್ನೇ ಹೇಳಿದೆ.

ಬ್ಯಾಟರಿ ಬದಲಿಸಿದೆ. ಅಂದಿನಿಂದ ಇಂದಿನವರೆಗೆ ಖಂಡೆ ಪೂಜೆಗೆ ಬ್ಯಾಟರಿ ಇರುವ ಯಾವುದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕದೆ ಸಾಲಿಗೆ ಇಡುವುದಿಲ್ಲ. ವಿಭೂತಿ ಚೀಲದ ಮೇಲೆ. ಉಸ್ತಾದರು ಇದ್ದಿದ್ದರೆ ಬೈಯುತ್ತಿದ್ದರು.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಅಂಗಡಿಗೆ ಬಂದವರೆಲ್ಲ ಕೆಲಸ ಜಲ್ದಿ ಮುಗಿಯಲಿ ಎಂದೇ ಬರುವುದಿಲ್ಲ, ಕೆಲವರು ಪಕ್ಕದಲ್ಲಿ ಒಬ್ಬರು ಕೂತಿರಲಿ ಎಂದು ಬರುತ್ತಾರೆ. ನನ್ನ ಯಂತ್ರ ಕೀಳು, ಆಟ ಕತ್ತರಿಸಿದ್ದು, ಬಾಣ ನಿಧಾನ. ಅದನ್ನೇ ಹಿಡಿದು ನಾನು ಕೊರಗುತ್ತಿದ್ದೆ, ನನ್ನ ಪಕ್ಕದ ಕುರ್ಚಿ ತುಂಬಿದ್ದದ್ದು ಅದರಿಂದಲೇ ಎಂದು ಹೊಳೆಯಲಿಲ್ಲ. ಇಷ್ಟು ಕಲಿತ ಮೇಲೂ ಅಫಜಲಪುರದಲ್ಲಿ ಶಿವಾನಂದನ ಬೋರ್ಡ್ ಕಂಡರೆ ಹೊಟ್ಟೆ ಚುರುಕ್ ಎನ್ನುತ್ತಿತ್ತು, ಅದನ್ನು ಕಲಿಕೆಯಿಂದ ರಿಪೇರಿ ಮಾಡಲಾಗಲಿಲ್ಲ.

ಚಳಿಗಾಲದಲ್ಲಿ ಒಂದು ಭಾನುವಾರ ಶಿವಾನಂದ ಅಂಗಡಿಗೆ ಬಂದ. ನಾವು ಮತ್ತೆ ಗೋಪುರದ ಅದೇ ಬಾಗಿಲ ಮುಂದೆ ನಿಂತಿದ್ದೆವು. ಕುರ್ಚಿ ಎರಡೇ ಇದ್ದವು, ಅವನು ಹಿಂದೆ ನಿಂತ. ಬಾಣ ಅಂಚಿನಿಂದ ಹೊರಟು ನಿಧಾನವಾಗಿ ಗೋಡೆಗುಂಟ ಬರುತ್ತಿತ್ತು. ಅವನಿಗೆ ಬಾಗಿಲು ತೆರೆಯುವ ಉಪಾಯ ಗೊತ್ತಿತ್ತು. ಬಾಯಿ ತೆರೆದ.

"ಶಿವಾನಂದ," ಎಂದರು ಮಾವನವರು, ಹಿಂದೆ ತಿರುಗದೆ, "ಸುಮ್ನ ನಿಂದ್ರಿ. ನಾವಿಬ್ರೂ ಹುಡುಕಾಕತ್ತೇವಿ."