ಮುಚ್ಚಳ ಮೂಸುತ್ತಿದ್ದ ಯಜಮಾನರು

ಮೊನ್ನೆ ಹಾಸನದ ನಮ್ಮ ಕಚೇರಿಯ ಕಿಟಕಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬ್ರಷ್ ತೊಳೆಯಲೆಂದು ಪೇಂಟರ್ ಒಂದು ಡಬ್ಬಿಯಲ್ಲಿ ಸೀಮೆಎಣ್ಣೆ ತಂದು ನನ್ನ ಬಾಗಿಲ ಪಕ್ಕದಲ್ಲೇ ಇಟ್ಟಿದ್ದ. ಆ ವಾಸನೆ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತೋ... ಕೈಯಲ್ಲಿದ್ದ ಫೈಲು ಮುಚ್ಚಿ ಸುಮ್ಮನೆ ಕುಳಿತುಬಿಟ್ಟೆ.

ಆಗ ನನಗೆ ಇಪ್ಪತ್ತಾರು. ಶಾಂತಿಗ್ರಾಮದ ಕಡೆ ಒಂದು ಸಣ್ಣ ಚಿಲ್ಲಿಂಗ್ ಸೆಂಟರಿಗೆ ಇನ್‌ಚಾರ್ಜ್ ಆಗಿ ಹೋಗಿದ್ದೆ. ಸುತ್ತಲ ಹಳ್ಳಿಗಳ ಹಾಲು ಬೆಳಿಗ್ಗೆ ಕ್ಯಾನ್‌ಗಳಲ್ಲಿ ಬರುತ್ತಿತ್ತು. ಅದನ್ನು ತಣ್ಣಗಾಗಿಸಿ ಟ್ಯಾಂಕರಿನಲ್ಲಿ ಡೈರಿಗೆ ಕಳಿಸಬೇಕಿತ್ತು. ಕೆಲಸಗಾರರನ್ನು ನಿಭಾಯಿಸುವುದು ಹೇಗೆಂದು ಎರಡು ವರ್ಷ ಓದಿ ಡಿಗ್ರಿ ತಂದಿದ್ದೆ. ಹಾಲಿನ ವಿಷಯದಲ್ಲಿ ನನಗೆ ಗೊತ್ತಿದ್ದುದು ಅದು ಬೆಳ್ಳಗಿರುತ್ತದೆ ಎಂಬುದಷ್ಟೇ.

ಇನ್‌ಚಾರ್ಜ್ ನಾನು. ಆದರೆ ಎಲ್ಲರೂ ‘ಯಜಮಾನ್ರು’ ಎಂದು ಕರೆಯುತ್ತಿದ್ದುದು ಹಾಲು ನೋಡುತ್ತಿದ್ದ ಹಿರಿಯರನ್ನು. ಲಾರಿಯಿಂದ ಕ್ಯಾನ್ ಇಳಿಯುತ್ತಿದ್ದಂತೆ ಅವರು ಮುಚ್ಚಳ ತೆಗೆದು, ಹಾಲನ್ನಲ್ಲ, ಆ ಮುಚ್ಚಳದ ಒಳಮೈಯನ್ನು ಮೂಸುತ್ತಿದ್ದರು. ದಾರಿಯುದ್ದಕ್ಕೂ ಎದ್ದ ವಾಸನೆಯೆಲ್ಲ ಅಲ್ಲೇ ಕೂತಿರುತ್ತದಂತೆ. ಹಾಲು ಕೆಟ್ಟಿದ್ದರೆ ಮುಚ್ಚಳವನ್ನು ಬೋರಲು ಹಾಕಿ ಮುಂದೆ ಹೋಗುತ್ತಿದ್ದರು. ಆ ಕ್ಯಾನನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೊನೆಯ ಲಾರಿ ಖಾಲಿಯಾಗುವವರೆಗೂ ಬೀಡಿಯಿಲ್ಲ, ಎಲೆಅಡಿಕೆಯಿಲ್ಲ, ಹಸಿ ಈರುಳ್ಳಿಯಂತೂ ಇಲ್ಲವೇ ಇಲ್ಲ.

ನಾನು ಹೋದ ಮೊದಲ ವಾರವೇ, ಸೆಂಟು ಹೊಡೆದುಕೊಂಡು ಠೀವಿಯಿಂದ ಪಕ್ಕದಲ್ಲಿ ನಿಂತಿದ್ದಾಗ, “ಸಾ, ಒಸಿ ಆ ಕಡೆ ನಿಂತ್ಕಳಿ. ನಿಮ್ ಗಮಲಲ್ಲಿ ನಂಗೆ ಹಾಲು ಸಿಕ್ತಿಲ್ಲ” ಅಂದರು. ಲೋಡರುಗಳು ಮುಖ ತಿರುಗಿಸಿಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರಿಗೊಂದು ದಿನ ತೋರಿಸುತ್ತೇನೆ ಎಂದುಕೊಂಡೆ.

ತೋರಿಸಿಯೂಬಿಟ್ಟೆ. ಒಂದು ಬೆಳಿಗ್ಗೆ ಅವರು ಒಂದೇ ಊರಿನ ನಾಲ್ಕು ಕ್ಯಾನ್‌ಗಳ ಮುಚ್ಚಳ ಬೋರಲು ಹಾಕಿದರು. ಸೀಮೆಎಣ್ಣೆ ವಾಸನೆ ಎಂದರು. ಹಾಲಿನ ಜೊತೆ ಲಾರಿಯಲ್ಲಿ ಬಂದಿದ್ದ ಆ ಊರಿನವನು ಜಗಳಕ್ಕೆ ನಿಂತ. ನಾನೂ ಮೂಸಿದೆ, ನನಗೇನೂ ಸಿಗಲಿಲ್ಲ. ಸ್ಯಾಂಪಲ್ ಕುದಿಸಿ ನೋಡಿಸಿದೆ, ಒಡೆಯಲಿಲ್ಲ. “ಇಲ್ಲಿ ಮೂಗು ಹೇಳೋದಲ್ಲ, ಟೆಸ್ಟ್ ಹೇಳ್ಬೇಕು. ಟ್ಯಾಂಕಿಗೆ ಸುರೀರಿ!” ಎಂದು ಎಲ್ಲರೆದುರು ಕೂಗಿದೆ.

ಯಜಮಾನರು ಹತ್ತಿರ ಬಂದು ಮೆಲ್ಲಗೆ, “ಕುದ್ಸುದ್ರೆ ಹಾಲು ಕೆಟ್ಟಿರೋದು ಗೊತ್ತಾಯ್ತದೆ ಸಾ. ಸೀಮೆಣ್ಣೆ ಎಲ್ ಗೊತ್ತಾದದು?” ಅಂದರು.

“ನಿಮ್ಮನ್ನ ಕೇಳ್ಲಿಲ್ಲ” ಎಂದೆ.

ಸುರಿದರು. ಮಧ್ಯಾಹ್ನ ಡೈರಿಯಿಂದ ಟ್ಯಾಂಕರ್ ವಾಪಸ್ ಬಂತು. ತಣ್ಣಗಾದ ಹಾಲಿಗೆಲ್ಲ ಸೀಮೆಎಣ್ಣೆ ಹಿಡಿದಿತ್ತು. ಎಷ್ಟೋ ಮನೆಗಳವರು ಬೆಳಗ್ಗೆ ಎದ್ದು ಕರೆದ ಹಾಲು ಬೇಲಿಯ ಹಿಂದಿನ ಚರಂಡಿಯಲ್ಲಿ ಹರಿಯಿತು. ಕೆಲಸಗಾರರೆಲ್ಲ ನಿಂತು ನೋಡಿದರು. ಯಾರೂ ನನ್ನ ಕಡೆ ನೋಡಲಿಲ್ಲ.

ಮರುದಿನ ಇಬ್ಬರು ಅಧಿಕಾರಿಗಳು ಬಂದು, ಆ ಹಾಲು ಪಾಸ್ ಮಾಡಿದವರು ಯಾರೆಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಯಜಮಾನರೇ, “ನಾನೇ ಸಾ. ನೆಗಡಿ ಆಗಿತ್ತು, ವಾಸ್ನೆ ಸಿಕ್ಲಿಲ್ಲ” ಅಂದುಬಿಟ್ಟರು. ಅವರಿಗೆ ಯಾವ ನೆಗಡಿಯೂ ಇರಲಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಅವರನ್ನು ಅರಕಲಗೂಡಿನ ಕಡೆಯ ಸೆಂಟರಿಗೆ ಹಾಕಿದರು, ಕ್ಯಾನ್ ತೊಳೆಯುವುದಕ್ಕೆ. ಹೊರಟ ದಿನ ಗೇಟಿನ ಹತ್ತಿರ ಹೋಗಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. “ನೀವಿನ್ನೂ ಕಾಯಂ ಆಗಿಲ್ಲ ಸಾ, ಮನೆಗ್ ಕಳ್ಸ್‌ಬುಡೋರು. ಕೆಲ್ಸ ಕಲ್ತ್ಕಳಿ” ಅಂದು ಬಸ್ಸಿಗೆ ಕೈ ಅಡ್ಡ ಹಿಡಿದರು. ಕಾಯಂ ಆದ ಮೇಲೆ ನಿಜ ಹೇಳಿ ಅವರನ್ನು ವಾಪಸ್ ಕರೆಸಿಕೊಳ್ಳುತ್ತೇನೆ ಎಂದುಕೊಂಡೆ. ಕಾಯಂ ಆದೆ. ಆಮೇಲೆ ಬಡ್ತಿ ಬರಲಿ ಎಂದುಕೊಂಡೆ... ಅದೂ ಬಂತು.

ಕೆಲಸವನ್ನೇನೋ ಕಲಿತೆ, ಮುಚ್ಚಳ ಮೂಸುವುದನ್ನೂ ಕಲಿತೆ. ಆದರೆ ಅಂದಿನಿಂದ ಆ ಸೆಂಟರಿನಲ್ಲಿ ಯಾರೂ ನನಗೆ ಎದುರು ಹೇಳಲಿಲ್ಲ. “ನೀವು ಹೇಳ್ದಂಗೆ ಸಾ” ಎನ್ನುವರು, ಅಷ್ಟೇ. ನಾನು ಹೋದರೆ ಮಾತು ನಿಲ್ಲುತ್ತಿತ್ತು. ಟೀ ಲೋಟವನ್ನು ನನ್ನ ಮೇಜಿಗೇ ತಂದಿಟ್ಟು ಹೋಗುತ್ತಿದ್ದರು.

ಸೀಮೆಎಣ್ಣೆ ಮೂಗಿಗೆ ಬಡಿದ ಆ ದಿನವೇ ಅರಕಲಗೂಡಿಗೆ ಫೋನ್ ಮಾಡಿ ವಿಚಾರಿಸಿದೆ. ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಭಾನುವಾರ ಹೊಳೆನರಸೀಪುರದ ಹತ್ತಿರದ ಅವರ ಊರಿಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಜೊತೆಯಲ್ಲಿ ಕೆಲಸ ಮಾಡಿದವನು ಎಂದೆ. ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟರು.

“ಅವ್ರ ಮೂಗು ಅಂದ್ರೆ ಮೂಗು ಕಣಪ್ಪ. ನಾನೇ ಕೆಡುಸ್ದೆ” ಅಂದರು. ನನಗೆ ಅರ್ಥವಾಗಲಿಲ್ಲ. “ಆ ಹಾಲು ಚೆಲ್ಲುದ್ರಲ್ಲ, ಅದ್ರ ಹಿಂದಿನ್ ದಿನ ಬ್ಯಾಡ ಬ್ಯಾಡ ಅಂದ್ರೂ ಕೇಳ್ದೆ ಎಣ್ಣೆ ನೀರು ಹಾಕಿದ್ದೆ. ಅದ್ಕೇ ನೆಗ್ಡಿ ಆಗಿದ್ದು. ನಿನ್ನಿಂದಲ್ಲ ಬುಡು ಅನ್ನೋರು... ನಂಗ್ ಮನ್ಸು ತಡೀಬೇಕಲ್ಲ? ಅವ್ರು ಓಗೋಗಂಟ ಮತ್ತೆ ಅವ್ರ ತಲೆಗೆ ಎಣ್ಣೆ ಮುಟ್ಟುಸ್ಲಿಲ್ಲ ನಾನು.”

ಆಗ ಹೇಳಿದೆ. ಎಲ್ಲವನ್ನೂ, ಒಂದೂ ಬಿಡದೆ. ಅವರು ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಬೈಯಲಿ ಎಂದು ಕಾದೆ.

“ಅಂಗಾರೆ ಅವತ್ತು ಅವ್ರಿಗೆ ನೆಗ್ಡಿನೇ ಇರ್ಲಿಲ್ವಾ?”

“ಇರ್ಲಿಲ್ಲ ಅಮ್ಮ.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಬಹಳ ಹೊತ್ತು ಕಾದೆ, ಹೊರಗೆ ಬರಲಿಲ್ಲ. ಕೊನೆಗೆ ನಾನೇ ಎದ್ದು ಬಂದೆ.