ಭರ್ ಅಂದಿತು, ಬಲ್ಬು ಹತ್ತಲಿಲ್ಲ

ಹೋದ ವರ್ಷ ಶ್ರಾವಣದಲ್ಲಿ ಮಲಪ್ರಭೆ ನಮ್ಮ ಕೊಣ್ಣೂರಿನ ಸೇತುವೆ ಮೇಲೆ ಹತ್ತಿದ ದಿನ ನಡೆದದ್ದು ಇದು. ನಮ್ಮ ಮನೆ ಎತ್ತರದ ಓಣಿಯಲ್ಲಿದೆ, ನೀರಿನ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಕರೆಂಟಿನದು. ನಮ್ಮ ಯಜಮಾನರ ಶ್ವಾಸಕೋಶಕ್ಕೆ ಕಸುವಿಲ್ಲ. ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಮಷೀನಿನ ನಳಿಕೆ ಸದಾ ಅವರ ಮೂಗಿನಲ್ಲಿರುತ್ತದೆ. ಆ ಮಷೀನಿಗೆ ಕರೆಂಟು ಬೇಕೇ ಬೇಕು. ಸ್ವಲ್ಪ ಹೊತ್ತು ಹೋದರೆ ಒಂದು ಸಣ್ಣ ಸಿಲಿಂಡರಿದೆ. ಅದು ತೀರಿದರೆ ಜನರೇಟರು.

ಮಧ್ಯಾಹ್ನ ಊಟಕ್ಕೆ ಕೂತಾಗ ಕರೆಂಟು ಹೋಯಿತು. ಸೊಸೆ ಸಾವಿತ್ರಿ ನಳಿಕೆಯನ್ನು ಸಿಲಿಂಡರಿಗೆ ಬದಲಿಸಿದಳು. ಮಗ ಬಸು ಬೆಳಿಗ್ಗೆಯೇ ಹೆಸರುಕಾಳು ಮಾರಲು ರೋಣಕ್ಕೆ ಹೋಗಿದ್ದ. ಅತ್ತ ಸೇತುವೆ ಮುಳುಗಿತ್ತು, ಇತ್ತ ನರಗುಂದದ ರಸ್ತೆ ಮೇಲೂ ಹಳ್ಳ ಹರಿದಿತ್ತು. ಬಸುವೂ ಬರುವಂತಿರಲಿಲ್ಲ, ಆಂಬ್ಯುಲೆನ್ಸೂ ಬರುವಂತಿರಲಿಲ್ಲ.

ಆದರೂ ನಾನು ನಿಶ್ಚಿಂತೆಯಿಂದ ರೊಟ್ಟಿ ತಿಂದೆ. ಹಿತ್ತಲ ತಗಡಿನ ಚಪ್ಪರದಲ್ಲಿ, ನಾನೇ ಹೊಲಿದ ಕೌದಿ ಹೊದ್ದು, ಜನರೇಟರು ಕೂತಿತ್ತಲ್ಲ! ಪ್ರತಿ ಮಹಾನವಮಿಗೆ, ಆಯುಧಗಳ ಖಂಡೇಪೂಜೆಯಲ್ಲಿ, ಅದನ್ನು ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತೇವೆ. ಆಮೇಲೆ ಬಸು ಒಮ್ಮೆ ಹಗ್ಗ ಎಳೆಯುತ್ತಾನೆ. ಅದು ಭರ್ ಅಂದ ಕೂಡಲೇ ಎಲ್ಲರೂ ಕೈ ಮುಗಿಯುತ್ತೇವೆ. ಬಂದ್ ಮಾಡುತ್ತೇವೆ. ಮತ್ತೆ ಕೌದಿ.

ಸಾವಿತ್ರಿ ಹಗ್ಗ ಎಳೆದಳು. ಭರ್ ಅಂದಿತು. ಮಷೀನಿನ ವೈರು ಸಿಕ್ಕಿಸಿದಳು. ಮಷೀನು ಮಿಸುಕಲಿಲ್ಲ. ಬಲ್ಬು ಸಿಕ್ಕಿಸಿದಳು. ಹತ್ತಲಿಲ್ಲ.

"ಅತ್ತಿ, ಸಪ್ಪಳ ಅಷ್ಟ ಬರಾಕತೈತ್ರಿ, ಕರೆಂಟ್ ಇಲ್ರಿ!"

ಆಗ ನೆನಪಾಯಿತು. ತಂದಾಗಿನಿಂದ ನಾವು ಅದರ ಸಪ್ಪಳಕ್ಕೇ ಕೈ ಮುಗಿದದ್ದು. ಸಿಲಿಂಡರು ತೀರುವಷ್ಟು ಹೊತ್ತು ಕರೆಂಟು ಹೋದದ್ದೇ ಇರಲಿಲ್ಲ, ಅದಕ್ಕೆ ಒಂದು ಬಲ್ಬನ್ನಾದರೂ ಯಾರೂ ಹಚ್ಚಿ ನೋಡಿರಲಿಲ್ಲ.

ಬಸುಗೆ ಫೋನ್ ಮಾಡಿದೆ. "ಅವ್ವಾ, ಇಲ್ಲೇ ಇಮಾಮಣ್ಣನ ಅಂಗಡ್ಯಾಗ..." ಎನ್ನುವಷ್ಟರಲ್ಲಿ ಮಾತು ತುಂಡಾಯಿತು. ಇಮಾಮಣ್ಣ ಅಂದರೆ ರೋಣದ ಮೆಕ್ಯಾನಿಕ್, ಪೆಂಡಾಲಿನವರ ಜನರೇಟರು ರಿಪೇರಿ ಮಾಡುವವನು. ಮತ್ತೆ ಮತ್ತೆ ಮಾಡಿದರೂ ಮಾತು ಹೋಗಲೊಲ್ಲದು. ಬರೆದು ಕಳಿಸಿದರೆ ಮಾತ್ರ ಹೋಗುತ್ತಿತ್ತು. ಸಾವಿತ್ರಿಯ ಫೋನು ಚಾರ್ಜಿಲ್ಲದೆ ಸತ್ತಿತ್ತು, ಅವಳ ಕೈಯೆಲ್ಲ ಪೆಟ್ರೋಲು. ಟೈಪ್ ಮಾಡುವುದು ನನ್ನ ಪಾಲಿಗೆ ಬಂತು. ರಜೆಗೆ ಬಂದು ಹೋದ ಮೊಮ್ಮಗಳಿಂದ ಆಗಷ್ಟೇ ಕಲಿತಿದ್ದೆ. ಅಲ್ಲಿಯತನಕ ನಾನು ಬರೆದದ್ದೆಂದರೆ ಸಾವಿತ್ರಿಯ ಉಪ್ಪಿಟ್ಟಿನ ಮೇಲೆ ತಂಗಿಗೆ ಕಳಿಸಿದ ಒಂದು ಚಾಡಿ.

ಒಂದೊಂದೇ ಅಕ್ಷರ ಕುಟ್ಟಿದೆ. 'ಜನರೇಟರ ಸಪ್ಪಳ ಐತಿ. ಕರೆಂಟ ಇಲ್ಲ.'

ಉತ್ತರ ಬಂತು. ಇಮಾಮಣ್ಣ ಹೇಳಿದ್ದನ್ನು ಬಸು ಬರೆಯುತ್ತಿದ್ದ. 'ಪ್ಲಗ್ ಹಾಕೋ ತೂತಿನ ಬಾಜೂಕ ಕರೀ ಬಟನ್ ಐತಿ. ಹೊರಗ ಜಿಗದಿದ್ರ ಒಳಗ ಒತ್ರಿ.'

ವಿಭೂತಿ ಕೆರೆದು ನೋಡಿದೆವು. ಒಳಗೇ ಇತ್ತು.

'ಬ್ಯಾರೆ ತೂತಿಗೆ ಬಲ್ಬ್ ಹಾಕ್ರಿ.' ಹಾಕಿದೆವು. ಇಲ್ಲ.

ಒಳಗೆ ಓಡಿ ಸಿಲಿಂಡರು ನೋಡಿದೆ. ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಬಂದಿತ್ತು. ನನ್ನನ್ನು ಕಾಡದೆ ಒಂದು ಗಳಿಗೆ ಇರದ ಮನುಷ್ಯ ಕಣ್ಣು ಮುಚ್ಚಿ, ಮಾತಿಲ್ಲದೆ, ಉಸಿರನ್ನು ಉಳಿಸಿಕೊಂಡು ಮಲಗಿದ್ದರು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಹೊರಗೆ ಬಂದೆ.

ಫೋನಿನಲ್ಲಿ ಹೊಸದು ಬಂದಿತ್ತು. 'ಭಾಳ ದಿನ ಸುಮ್ನ ಕುಂತು ಒಳಗಿನ ಅಯಸ್ಕಾಂತದ ಕಸುವು ಹೋಗಿರಬೇಕು. ಸ್ವಲ್ಪ ಕರೆಂಟ್ ತೋರಿಸಿದ್ರ ತಿರುಗಿ ಹಿಡಿತೈತಿ. ಮನ್ಯಾಗ ಡ್ರಿಲ್ ಐತೇನ್ರಿ?'

ಬಸು ಗೋಡೆಗೆ ತೂತು ಕೊರೆಯುವ ಡ್ರಿಲ್ ಇತ್ತು.

'ಮೂತ್ಯಾಗಿನ ಸರಳ ತೆಗಿರಿ. ಪ್ಲಗ್ ಜನರೇಟರಿಗೆ ಹಾಕ್ರಿ. ಒಬ್ಬರು ಬಟನ್ ಒತ್ತಿ ಗಟ್ಟಿ ಹಿಡಿರಿ, ಒಬ್ಬರು ಮೂತಿ ಉಲ್ಟಾ ತಿರುವ್ರಿ. ಡ್ರಿಲ್ ಸಣ್ಣಂಗ ಕರೆಂಟ್ ಹುಟ್ಟಸ್ತೈತಿ. ಅದು ಜೀವಾ ಹಿಡದ್ರ ತಾನ ತಿರಗತೈತಿ, ಲಗೂ ಕೈ ತೆಗಿರಿ. ಇಲ್ಲಾಂದ್ರ ಬೆರಳ ಹೋಗ್ತಾವ.'

ಸಾವಿತ್ರಿ ಒಣ ಮಣೆಯ ಮೇಲೆ ನಿಂತು ಡ್ರಿಲ್ಲನ್ನು ಎರಡೂ ಕೈಯಲ್ಲಿ ಹಿಡಿದಳು. ನಾನು ಅದರ ಮೂತಿ ತಿರುವಿದೆ. ಸಂಧಿವಾತದ ಬೆರಳು, ಜಾರಿ ಹೋಯಿತು. ಇನ್ನೊಮ್ಮೆ ತಿರುವಿದೆ. ಅದು ಎಮ್ಮೆಯಂತೆ ತಣ್ಣಗೆ ಅರ್ಧ ಸುತ್ತು ತಿರುಗಿ ನಿಂತಿತು.

"ಆಗೂದಿಲ್ರಿ ಅತ್ತಿ, ಇನ್ನೂ ಜೋರ ಬೇಕ," ಎಂದಳು. ಅವಳ ಕಣ್ಣಲ್ಲಿ ನೀರು.

ಆ ಗುಂಡು ಮೂತಿ ನೋಡುತ್ತಿದ್ದಂತೆ ನನಗೆ ಬುಗುರಿ ಕಂಡಿತು. ಚಿಕ್ಕವಳಿದ್ದಾಗ ಓಣಿಯ ಗಂಡು ಹುಡುಗರ ಬುಗುರಿಯನ್ನೆಲ್ಲ ಒಡೆದು ಅಳಿಸಿದವಳು ನಾನು. ಬುಗುರಿಯ ಹುರಿಯನ್ನು ಗಂಟು ಹಾಕದೆ ಸುತ್ತುತ್ತಾರೆ. ಎಳೆದರೆ ಪೂರ್ತಿ ಬಿಚ್ಚಿ ಕೈಗೆ ಬರುತ್ತದೆ, ಬುಗುರಿಯಲ್ಲಿ ಎಳೆಯೂ ಉಳಿಯುವುದಿಲ್ಲ. ಅಂದರೆ ಬೆರಳೂ ಉಳಿಯುತ್ತದೆ!

ಕೌದಿ ಕಟ್ಟಿದ್ದ ಹುರಿ ಬಿಚ್ಚಿ ಡ್ರಿಲ್ಲಿನ ಮೂತಿಗೆ ಬಿಗಿಯಾಗಿ ಸುತ್ತಿದೆ. ತುದಿಯನ್ನು ಬೆರಳಿಗೆ ಸಿಕ್ಕಿಸದೆ ಮುಷ್ಟಿಯಲ್ಲಷ್ಟೇ ಹಿಡಿದೆ.

"ಅತ್ತಿ, ಏನ್ ಮಾಡಾಕತ್ತೀರಿ?"

"ಬಗರಿ ಆಡಾಕತ್ತೀನಿ. ಬಟನ್ ಒತ್ತು, ಬಾಯಿ ಮುಚ್ಚು!"

ಹಲ್ಲು ಕಚ್ಚಿ ಎಳೆದೆ. ಹುರಿ ಸರ್ರನೆ ಬಿಚ್ಚಿ ಬಂತು. ಏನೂ ಆಗಲಿಲ್ಲ. ಮತ್ತೆ ಸುತ್ತಿದೆ. ಈ ಸಲ ಮೈಯೆಲ್ಲ ಹಿಂದಕ್ಕೆ ಒಗೆದು ಎಳೆದೆ. ಹುರಿಯ ಸಮೇತ ನಾನು ಸೌದೆಯ ಮೇಲೆ ಕುಕ್ಕರಿಸಿದೆ. ಸಾವಿತ್ರಿಯ ಕೈಯಲ್ಲಿ ಡ್ರಿಲ್ ಗುರ್ ಎಂದು ತಾನೇ ತಿರುಗುತ್ತಿತ್ತು! ಜನರೇಟರಿನ ದನಿಯೂ ಭಾರ ಹೊತ್ತವರ ಹಾಗೆ ದಪ್ಪವಾಯಿತು.

ಅವಳು ವೈರು ಹಿಡಿದು ಒಳಗೆ ಓಡಲು ಹೊರಟಳು. ಅಷ್ಟರಲ್ಲಿ ಫೋನು ಕುಂಯ್ ಎಂದಿತು. 'ಹಿಡದ್ರ ಡ್ರಿಲ್ ತೆಗದು ಮೊದಲ ಬಲ್ಬ್ ಹಚ್ಚಿ ನೋಡ್ರಿ. ಬೆಳಕ ಕುಣದ್ರ ಆಕ್ಸಿಜನ್ ಮಷೀನ್ ಸುಟ್ಟ ಹೋಗತೈತಿ. ಜನರೇಟರ ಒಳಗ ತರಬ್ಯಾಡ್ರಿ, ಹೊಗಿ ವಿಷ.'

ಒಳಗೆ ಮುಳ್ಳು ಕೆಂಪು ಗೆರೆ ದಾಟಿದೆ, ಇಲ್ಲಿ ನಾವಿಬ್ಬರೂ ಬಲ್ಬು ನೋಡುತ್ತ ನಿಂತಿದ್ದೇವೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ. ಬಲ್ಬು ಮೊದಲು ಮಿನುಗಿತು, ಆಮೇಲೆ ಒಂದೇ ಸಮ ಉರಿಯಿತು. ಉದ್ದದ ವೈರನ್ನು ಕಿಟಕಿಯಿಂದ ಎಳೆದು ಮಷೀನಿಗೆ ಸಿಕ್ಕಿಸಿದೆವು. ಅದು ಪೀಂ ಎಂದು ಕೂಗಿ, ಬುಸ್, ಬುಸ್ ಎಂದು ಶುರುವಾಯಿತು. ಸಾವಿತ್ರಿ ನಳಿಕೆ ಬದಲಿಸಿದಳು. ನಾನು ಅವರ ಪಾದ ಹಿಡಿದುಕೊಂಡು ಕೂತೆ.

ತುಸು ಹೊತ್ತಿಗೆ ಅವರು ಕಣ್ಣು ಬಿಟ್ಟರು. ನನ್ನ ತಲೆಯಲ್ಲಿ ಸಿಕ್ಕಿದ್ದ ಸೌದೆ ಸಿಬಿರು ನೋಡಿದರು. "ಬಗರಿ ಆಡೋ ವಯಸ್ಸೇನ ನಿಂದು?" ಅಂದರು.

ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದರು! ನಾನು ನಕ್ಕೆ, ಆಮೇಲೆ ಅತ್ತುಬಿಟ್ಟೆ, ಸಾವಿತ್ರಿಯೂ ಅತ್ತಳು.

ಮರುದಿನ ನೀರು ಇಳಿದ ಮೇಲೆ ಬಸು ಇಮಾಮಣ್ಣನನ್ನು ಕರೆದುಕೊಂಡೇ ಬಂದ. ಹುರಿಯ ಕಥೆ ಕೇಳಿ ಇಮಾಮಣ್ಣ ತಲೆ ಹಿಡಿದುಕೊಂಡ. "ಅಮ್ಮಾರ, ನಿಮ್ಮ ಪುಣ್ಯಾ ದೊಡ್ಡದು. ಇದನ್ನ ಮತ್ಯಾರಿಗೂ ಕಲಿಸಬ್ಯಾಡ್ರಿ!" ಎಂದ. ಹಾಗಾಗಿ ನೀವ್ಯಾರೂ ಕಲಿಯಬೇಡಿ.

ಈಗ ಪ್ರತಿ ಅಮಾವಾಸ್ಯೆಗೆ ಜನರೇಟರು ಹಚ್ಚಿ, ಬಲ್ಬು, ಫ್ಯಾನು, ಮಿಕ್ಸರು ಎಲ್ಲ ಓಡಿಸಿ ನೋಡುತ್ತೇವೆ. ಖಂಡೇಪೂಜೆಯಲ್ಲೂ ಬಲ್ಬು ಹತ್ತಿದ ಮೇಲೆಯೇ ಕಾಯಿ. ಪ್ರತಿ ಸಲವೂ ಯಜಮಾನರು ಒಳಗಿನಿಂದ ಕೂಗುತ್ತಾರೆ: "ಬಗರಿ ತಯಾರೈತೇನ?" ಮೊದಲಾಗಿದ್ದರೆ ತಿರುಗಿ ಒಂದು ಅನ್ನುತ್ತಿದ್ದೆ. ಈಗ ಕೇಳಿಸದವಳ ಹಾಗೆ ಸುಮ್ಮನಿರುತ್ತೇನೆ. ಆಗ ಅವರು ಇನ್ನೊಮ್ಮೆ ಕೂಗುತ್ತಾರೆ.